ಬ್ರೂಕ್‌ಲ್ಯಾಂಡ್ಸ್ ಎಂಬ ಮೋಟಾರು ಪಂದ್ಯಪಥ

೧

ಪಾಳುಬಿದ್ದ ದೇಗುಲವನ್ನೂ ಕೋಟೆಯನ್ನೂ ಕಂಡು ಮನುಷ್ಯನು ಮರುಗುವುದು ಸಹಜವಾದುದು. ಅಲ್ಲಿ ದೇವರ ನೆನಪಿರುತ್ತದೆ, ಇಲ್ಲವೆ ರಾಜವಂಶದ ಏಳುಬೀಳುಗಳ ನೆನಪಿರುತ್ತದೆ. ಆದರೆ ಒಂದು ಕಾಂಕ್ರೀಟು ರಸ್ತೆಯ ತುಂಡನ್ನು ನೋಡುವುದಕ್ಕಾಗಿ ದೂರದೂರದಿಂದ ಜನರು ಬಂದು, ಅದರ ಬಿರುಕುಗಳನ್ನು ಕೈಯಿಂದ ಮುಟ್ಟಿ, ಅಲ್ಲಿ ಎಂದೋ ಓಡಿಹೋದ ಬಂಡಿಗಳ ಹೆಸರುಗಳನ್ನು ಪೂರ್ವಿಕರ ಹೆಸರುಗಳಂತೆ ಉಚ್ಚರಿಸುವರೆಂದರೆ ಹೊರಗಿನವರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಲಂಡನ್ ನಗರದ ನೈರುತ್ಯಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿ, ಸರ್ರೆ ಪ್ರಾಂತದ ವೇಬ್ರಿಜ್ ಎಂಬ ಊರಿನ ಬಳಿಯಲ್ಲಿರುವ ಬ್ರೂಕ್‌ಲ್ಯಾಂಡ್ಸ್ ಅಂಥದೊಂದು ಸ್ಥಳ. ೧೯೦೭ರಿಂದ ೧೯೩೯ರವರೆಗೆ, ನಡುವೆ ಒಂದು ಮಹಾಯುದ್ಧದ ಅವಧಿಯನ್ನು ಬಿಟ್ಟು, ಅಲ್ಲಿ ಮೋಟಾರು ಬಂಡಿಗಳು ಪಂದ್ಯ ಹೂಡಿ ಓಡಿದುವು. ಅನಂತರ ಒಂದು ಪಂದ್ಯವೂ ಅಲ್ಲಿ ಹಿಂದಿನಂತೆ ನಡೆಯಲಿಲ್ಲ. ಹಾಗಿದ್ದರೂ ಅದರ ನೆನಪು ಅಳಿಯಲಿಲ್ಲ. ಅದನ್ನು ಕಣ್ಣಾರೆ ಕಂಡವರು ತೀರಿಹೋದ ಮೇಲೂ ಕಾಣದವರ ಬಾಯಲ್ಲಿ ಅದು ಬೆಳೆಯುತ್ತ ಬಂದಿದೆ.

ಈ ನೆನಪಿನಲ್ಲಿ ಸತ್ಯವೆಷ್ಟು, ಸಿಹಿಯೆಷ್ಟು ಎಂಬುದನ್ನು ವಿಚಾರಿಸಬೇಕಾದರೆ ಮೊದಲು ಆ ಪಥವು ಹುಟ್ಟಿದ ಬಗೆಯನ್ನು ತಿಳಿಯಬೇಕು.

೨

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್, ಇಟಲಿ ದೇಶಗಳಲ್ಲಿ ಮೋಟಾರು ಪಂದ್ಯಗಳು ಊರಿಂದೂರಿಗೆ ಹೋಗುವ ರಾಜಮಾರ್ಗಗಳ ಮೇಲೆಯೇ ನಡೆಯುತ್ತಿದ್ದುವು. ಧೂಳಿನಲ್ಲಿ ದಾರಿ ಕಾಣದೆ ಮರಗಳಿಗೂ ಜನರ ಗುಂಪಿಗೂ ಬಂಡಿಗಳು ನುಗ್ಗುತ್ತಿದ್ದುದುಂಟು. ೧೯೦೩ರಲ್ಲಿ ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆ ಹೊರಟ ಪಂದ್ಯದಲ್ಲಿ ಸಾವುನೋವುಗಳು ಹೆಚ್ಚಿ, ಸರ್ಕಾರದವರು ಅದನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಿಬಿಟ್ಟರು. ಇಂಗ್ಲೆಂಡಿನಲ್ಲಾದರೋ ಸಾರ್ವಜನಿಕ ರಸ್ತೆಗಳ ಮೇಲೆ ಪಂದ್ಯಕ್ಕೆ ಅವಕಾಶವೇ ಇರಲಿಲ್ಲ. ೧೯೦೩ರ ಮೋಟಾರು ಕಾಯಿದೆಯು ಗಂಟೆಗೆ ೨೦ ಮೈಲಿಗಿಂತ ಹೆಚ್ಚು ವೇಗವನ್ನು ನಿಷೇಧಿಸಿತು. ಹೀಗಾಗಿ ಇಂಗ್ಲಿಷ್ ಬಂಡಿಯೊಂದನ್ನು ತಯಾರಿಸಿದವನಿಗೆ ಅದರ ಶಕ್ತಿಯನ್ನು ಪೂರ್ಣವಾಗಿ ಪರೀಕ್ಷಿಸಿ ನೋಡಲು ತನ್ನ ದೇಶದಲ್ಲಿ ಒಂದು ಮೈಲಿ ರಸ್ತೆಯೂ ಇರಲಿಲ್ಲವೆನ್ನಬಹುದು.

ಹ್ಯೂ ಲಾಕ್ ಕಿಂಗ್ ಎಂಬ ಶ್ರೀಮಂತನು ೧೯೦೫ರಲ್ಲಿ ಇಟಲಿಯ ಬ್ರೆಷಿಯಾ ನಗರದ ಪಂದ್ಯವನ್ನು ನೋಡಲು ಹೋಗಿದ್ದನು. ಈಜಿಪ್ಟಿನ ಪಿರಮಿಡ್ಡುಗಳ ಸಮೀಪದಲ್ಲಿ ಮೀನಾ ಹೌಸ್ ಎಂಬ ಪ್ರಸಿದ್ಧ ಹೋಟೆಲನ್ನು ನಡೆಸಿದವನು ಇವನೇ. ಬ್ರೆಷಿಯಾದಲ್ಲಿ ಇಂಗ್ಲಿಷ್ ಬಂಡಿಯೊಂದೂ ಕಾಣದಿದ್ದುದು ಅವನ ಮನಸ್ಸನ್ನು ಚುಚ್ಚಿತು. ಊರಿಗೆ ಮರಳಿದವನೇ ವೇಬ್ರಿಜ್ಜಿನಲ್ಲಿ ತಂದೆಯಿಂದ ಬಂದಿದ್ದ ಜಮೀನಿನಲ್ಲಿ ಮೋಟಾರು ಬಂಡಿಗಳಿಗಾಗಿಯೇ ಒಂದು ಪಥವನ್ನು ಕಟ್ಟಿಸಲು ಮನಸ್ಸುಮಾಡಿದನು. ಮೊದಲು ಅವನಿಗಿದ್ದುದು ಸಾಧಾರಣವಾದ ಒಂದು ರಸ್ತೆಯ ಕಲ್ಪನೆ. ಆದರೆ ಮಹಾವೇಗಕ್ಕೆ ತಕ್ಕ ಪಥವಾಗಬೇಕಾದರೆ ತಿರುವುಗಳಲ್ಲಿ ನೆಲವು ಹೊರಮಗ್ಗುಲಿಗೆ ಏರಿರಬೇಕೆಂದು ತಿಳಿದವರು ಹೇಳಿದರು. ಫಿರಂಗಿದಳದ ಕರ್ನಲ್ ಹೋಲ್ಡನ್ ಎಂಬ ಅಧಿಕಾರಿಯು ನಕ್ಷೆಯನ್ನು ಸಿದ್ಧಪಡಿಸಿದನು.

ಈ ಏರಿಕೆಯ ತತ್ತ್ವ ಸುಲಭವಾದುದು. ಹಗ್ಗದ ತುದಿಗೆ ಕಲ್ಲು ಕಟ್ಟಿ ತಿರುಗಿಸಿದರೆ ಕಲ್ಲು ಹೊರಕ್ಕೆ ಹಾರಲು ಎಳೆಯುವಂತೆ, ತಿರುವಿನಲ್ಲಿ ಓಡುವ ಬಂಡಿಯೂ ಹೊರಕ್ಕೆ ಜಾರಲು ನೋಡುತ್ತದೆ. ನೆಲವು ಬಾಣಲೆಯ ಅಂಚಿನಂತೆ ಹೊರಗಡೆಗೆ ಎದ್ದಿದ್ದರೆ ಆ ಒತ್ತಡವನ್ನು ನೆಲವೇ ಹೊರುವುದು. ವೇಗ ಹೆಚ್ಚಿದಷ್ಟೂ ಬಂಡಿಯು ಅಂಚಿನ ಕಡೆಗೆ ಮೇಲೇರಿ ಓಡಬಹುದು. ಗಂಟೆಗೆ ನೂರಿಪ್ಪತ್ತು ಮೈಲಿಯ ವೇಗದಲ್ಲಿಯೂ ಚಾಲಕನಿಗೆ ಬಂಡಿಯನ್ನು ತಿರುವಿನಲ್ಲಿ ಹಿಡಿದಿಡುವುದು ಪ್ರಯಾಸವಾಗಬಾರದೆಂಬುದು ಹೋಲ್ಡನ್ನನ ಲೆಕ್ಕ. ಅಂದಿನ ಕಾಲಕ್ಕೆ ಅಂಥ ವೇಗವು ಹೆಚ್ಚುಕಡಮೆ ಕನಸಾಗಿತ್ತು.

ಕೆಲಸವು ೧೯೦೬ರಲ್ಲಿ ಪ್ರಾರಂಭವಾಗಿ ಒಂದು ವರ್ಷದೊಳಗೆಯೇ ಮುಗಿಯಿತು. ನೂರಾರು ಮಂದಿ ಕೂಲಿಗಳು ಹಗಲಿರುಳು ದುಡಿದರು. ಮರಗಳನ್ನು ಕಡಿದು, ಮಣ್ಣನ್ನು ಗುಡ್ಡೆಹಾಕಿ, ವೇ ನದಿಯ ಮೇಲೆ ಸೇತುವೆ ಕಟ್ಟಿ, ೧೦೦ ಅಡಿ ಅಗಲವೂ ಎರಡು ಮುಕ್ಕಾಲು ಮೈಲಿಗೆ ಸ್ವಲ್ಪ ಹೆಚ್ಚು ಸುತ್ತಳತೆಯೂ ಉಳ್ಳ ಕಾಂಕ್ರೀಟು ಪಥವನ್ನು ಹಾಸಿದರು. ಸದಸ್ಯರ ಏರಿಯೆಂದು ಹೆಸರಾದ ತಿರುವು ನೆಲದಿಂದ ಸುಮಾರು ೨೯ ಅಡಿ ಎತ್ತರಕ್ಕೆ ಎದ್ದು ನಿಂತಿತು; ಎದುರು ದಿಕ್ಕಿನ ಬೈಫ್ಲೀಟ್ ಏರಿಯು ಅದಕ್ಕಿಂತ ತಗ್ಗಾಗಿದ್ದು ಸುಮಾರು ೨೨ ಅಡಿಯಷ್ಟಿತ್ತು. ಮೋಟಾರು ಬಂಡಿಗಳಿಗೆಂದೇ ಕಟ್ಟಿದ ಇಂಥ ಪಥವು ಲೋಕದಲ್ಲಿ ಇದೇ ಮೊದಲನೆಯದು.

ವೆಚ್ಚವು ಸುಮಾರು ೧,೫೦,೦೦೦ ಪೌನುಗಳಿಗೆ ಏರಿತು. ಲಾಕ್ ಕಿಂಗನ ಆಸ್ತಿಯು ಸಾಲಕ್ಕೆ ಸಿಕ್ಕಿತು, ದೇಹಸ್ಥಿತಿಯೂ ಕೆಟ್ಟಿತು. ಆಗ ಕೆಲಸದ ಮೇಲ್ವಿಚಾರಣೆಯನ್ನೂ ಹಣದ ಚಿಂತೆಯನ್ನೂ ಹೊತ್ತವಳು ಅವನ ಪತ್ನಿ ಎಥೆಲ್. ೧೯೦೭ನೆಯ ಜೂನ್ ೧೭ರಂದು ಪಥದ ಪ್ರಾರಂಭೋತ್ಸವವಾದಾಗ ಬಂಡಿಗಳ ಮೆರವಣಿಗೆಯ ಮುಂದೆ ಆಕೆಯೇ ತನ್ನ ಇಟಾಲಾ ಬಂಡಿಯನ್ನು ನಡೆಸಿಕೊಂಡು ಹೋದಳು. ಬ್ರೂಕ್‌ಲ್ಯಾಂಡ್ಸಿನ ಅಭಿಮಾನಿಗಳು ಈ ದಂಪತಿಗಳನ್ನು ಸ್ಥಳಪುರಾಣದ ಆದಿಪುರುಷರಂತೆ ಕಾಣುವರು. ಅದರಲ್ಲಿ ಅನ್ಯಾಯವೇನೂ ಇಲ್ಲ. ದೇಶದ ಮಾನಕ್ಕಾಗಿ ಒಬ್ಬನು ತನ್ನ ಮನೆಯನ್ನು ಒತ್ತೆಯಿಡುವುದು ಅಪರೂಪ. ಆ ಒತ್ತೆಯ ಭಾರವನ್ನು ಹೆಂಡತಿಯು ಗೊಣಗದೆ ಹೊರುವುದು ಇನ್ನೂ ಅಪರೂಪ.

೩

ಪಥವು ತೆರೆದ ಹನ್ನೊಂದನೆಯ ದಿನವೇ ಸೆಲ್ವಿನ್ ಎಜ್ ಎಂಬ ಚಾಲಕನು ನೇಪಿಯರ್ ಬಂಡಿಯಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಒಬ್ಬನೇ ಓಡಿಸುವೆನೆಂದು ಪಣತೊಟ್ಟು ಹೊರಟನು. ಮನುಷ್ಯನ ದೇಹವು ಅಷ್ಟು ಹೊತ್ತು ಅಂಥ ವೇಗವನ್ನು ತಾಳಲಾರದೆಂದು ಶಂಕಿಸಿದವರಿದ್ದರು. ರಾತ್ರಿಯಲ್ಲಿ ದಾರಿ ಕಾಣಲೆಂದು ಪಥದ ಉದ್ದಕ್ಕೂ ಕೆಂಪು ಲಾಂದ್ರಗಳನ್ನು ಇಟ್ಟಿದ್ದರು. ಎಜ್ ೧,೫೮೧ ಮೈಲಿಗಳನ್ನು ಓಡಿ ಮುಗಿಸಿದನು. ಸರಾಸರಿ ವೇಗವು ಗಂಟೆಗೆ ೬೫.೯ ಮೈಲಿ. ಅದೇ ಓಟದಲ್ಲಿ ಹೊಸ ಕಾಂಕ್ರೀಟು ಅಲ್ಲಲ್ಲಿ ಕಿತ್ತುಬಂತು. ಉಕ್ಕಿನ ಸರಳುಗಳ ಆಧಾರವಿಲ್ಲದೆ ಮರಳು ನೆಲದ ಮೇಲೆ ಹಾಸಿದ ಆ ಕಾಂಕ್ರೀಟು ಕುಸಿಯುತ್ತ, ಪ್ರತಿ ಚಳಿಗಾಲದಲ್ಲಿಯೂ ತೇಪೆ ಹಾಕಿಸಿಕೊಳ್ಳುತ್ತ, ಕಡೆಯವರೆಗೂ ಉಬ್ಬುತಗ್ಗಾಗಿಯೇ ಉಳಿಯಿತು. ನದಿಯ ಸೇತುವೆಯ ಬಳಿ ಎದ್ದ ಉಬ್ಬಿನ ಮೇಲೆ ಭಾರವಾದ ಬಂಡಿಗಳು ನಾಲ್ಕು ಚಕ್ರಗಳನ್ನೂ ನೆಲದಿಂದೆತ್ತಿ ಹಾರುತ್ತಿದ್ದುವು. ಆ ಹಾರಾಟದ ಛಾಯಾಚಿತ್ರಗಳು ಇಂದಿಗೂ ಅಭಿಮಾನಿಗಳ ಮನೆಯ ಗೋಡೆಗಳನ್ನು ಅಲಂಕರಿಸಿವೆ.

ಮೋಟಾರು ಪಂದ್ಯವನ್ನು ನಡೆಸುವ ಬಗೆ ಯಾರಿಗೂ ತಿಳಿಯದಿದ್ದ ಕಾಲವದು. ಆದುದರಿಂದ ಕುದುರೆಯ ಜೂಜಿನ ಕಟ್ಟುಕಟ್ಟಳೆಗಳನ್ನೇ ಇಲ್ಲಿಗೂ ತಂದರು. ಚಾಲಕರು ಜಾಕಿಗಳಂತೆ ಬಣ್ಣಬಣ್ಣದ ಅಂಗಿಗಳನ್ನು ತೊಟ್ಟರು. ಮೊದಮೊದಲು ಬಂಡಿಗಳಿಗೆ ಅಂಕಿಗಳನ್ನು ಕೂಡ ಬರೆಯಲಿಲ್ಲ. ಬಂಡಿಗಳನ್ನು ತೂಕಹಾಕುತ್ತಿದ್ದರು. ಬಹುಮಾನವನ್ನು ಸವರನ್ನುಗಳಲ್ಲಿ ಸಾರುತ್ತಿದ್ದರು. ಬಾಜಿ ಕಟ್ಟಿಸಿಕೊಳ್ಳುವವರೂ ಬಂದು ನಿಂತರು. ಹಗುರವಾದ ಕುದುರೆಗೂ ಬಲವಾದ ಕುದುರೆಗೂ ಸಮತೂಕ ತರುವಂತೆ, ನಿಧಾನವಾದ ಬಂಡಿಯನ್ನು ಮೊದಲು ಬಿಟ್ಟು, ವೇಗದ ಬಂಡಿಯನ್ನು ಲೆಕ್ಕಹಾಕಿ ತಡವಾಗಿ ಬಿಡುವ ಪದ್ಧತಿಯು ಬಳಕೆಗೆ ಬಂತು. ಈ ಲೆಕ್ಕವನ್ನು ಹಾಕುವುದರಲ್ಲಿ ಎಬ್ಬಲ್‌ವೈಟ್ ಎಂಬವನು ಮೂರು ದಶಕಗಳ ಕಾಲ ಹೆಸರಾಗಿದ್ದನು. ಲೆಕ್ಕ ಸರಿಯಾದ ದಿನ ಸಣ್ಣ ಆಸ್ಟಿನ್ ಬಂಡಿಯೂ ದೈತ್ಯಾಕಾರದ ವಿಮಾನದ ಎಂಜಿನುಳ್ಳ ಬಂಡಿಯೂ ಒಂದೇ ಉಸಿರಿನಲ್ಲಿ ಗುರಿಮುಟ್ಟುತ್ತಿದ್ದುವು.

ಸ್ತ್ರೀಯರು ಮೊದಲಿಂದಲೂ ಇಲ್ಲಿ ಪ್ರೇಕ್ಷಕರು ಮಾತ್ರವಾಗಿರಲಿಲ್ಲ. ೧೯೦೮ರಲ್ಲಿ ಅವರಿಗೆಂದೇ ಏರ್ಪಡಿಸಿದ ಪಂದ್ಯವೊಂದರಲ್ಲಿ ಮ್ಯೂರಿಯಲ್ ಥಾಂಪ್ಸನ್ ಎಂಬಾಕೆ ಗೆದ್ದಳು. ಎಥೆಲ್ ಲಾಕ್ ಕಿಂಗ್ ಎರಡನೆಯವಳಾದಳು. ಆ ಬಳಿಕ ಕ್ಲಬ್ಬಿನವರು ಅನೇಕ ವರ್ಷ ಸ್ತ್ರೀಯರಿಗೆ ಅವಕಾಶ ಕೊಡಲಿಲ್ಲ. ಆದರೂ ೧೯೩೫ರ ವೇಳೆಗೆ ಐದಡಿಗಿಂತ ಕಡಮೆ ಎತ್ತರದ ಕೇ ಪೀಟರ್ ಎಂಬಾಕೆ ಹತ್ತೂವರೆ ಲೀಟರಿನ ಹಳೆಯ ಡಿಲಾಜ್ ಬಂಡಿಯನ್ನು ಗಂಟೆಗೆ ೧೩೪.೭೫ ಮೈಲಿ ವೇಗದಲ್ಲಿ ಸುತ್ತಿಸಿದಳು. ಗ್ವೆಂಡಾ ಹಾಕ್ಸ್ ಎಂಬ ಎದುರಾಳಿಯು ಅದನ್ನು ೧೩೫.೯೫ ಮೈಲಿಗೆ ಏರಿಸಿದಳು.

೪

ಅಭಿಮಾನಿಗಳ ನೆನಪಿನಲ್ಲಿ ಮನುಷ್ಯರಿಗಿಂತ ಬಂಡಿಗಳಿಗೇ ಹೆಚ್ಚು ಆಯುಸ್ಸು. ಒಂದೊಂದು ಬಂಡಿಗೂ ಜನ್ಮ, ಸಾಹಸ, ಅವಸಾನ, ಪುನರ್ಜನ್ಮಗಳ ಕಥೆಯುಂಟು.

೧೯೦೮ರ ಜೂನಿನಲ್ಲಿ ಇಟಲಿಯ ನಟ್ಸಾರೋ ಎಂಬ ಚಾಲಕನ ಫಿಯಟ್ ಬಂಡಿಗೂ ಸ್ಯಾಮ್ಸನ್ ಎಂಬ ನೇಪಿಯರ್ ಬಂಡಿಗೂ ನೇರ ಪಂದ್ಯವೊಂದು ನಡೆಯಿತು. ನೇಪಿಯರ್ ಬಂಡಿಯ ಎಂಜಿನು ಮುರಿದು ಫಿಯಟ್ ಗೆದ್ದಿತು. ನಟ್ಸಾರೋ ಒಂದು ಸುತ್ತನ್ನು ಗಂಟೆಗೆ ೧೨೧.೬೪ ಮೈಲಿ ವೇಗದಲ್ಲಿ ಓಡಿದನೆಂದು ವಿದ್ಯುತ್ತಿನ ಕಾಲಮಾಪಕ ಯಂತ್ರವು ಹೇಳಿತು. ಕೈಗಡಿಯಾರ ಹಿಡಿದು ಎಣಿಸಿದವರ ಲೆಕ್ಕದಲ್ಲಿ ವೇಗವು ಅದಕ್ಕಿಂತ ಎಷ್ಟೋ ಕಡಮೆಯಾಗಿತ್ತು. ಯಂತ್ರ ತಪ್ಪಿತೋ ಕೈ ತಪ್ಪಿತೋ ಎಂಬ ವಾದವು ಅಂದು ಹೊತ್ತಿಕೊಂಡುದು ಇನ್ನೂ ಆರಿಲ್ಲ. ಶಾಸನದ ಒಂದು ಅಕ್ಷರಕ್ಕಾಗಿ ಪಂಡಿತರು ಕಾದಾಡುವಂತೆ, ಈ ಒಂದು ಸುತ್ತಿಗಾಗಿ ಮೋಟಾರು ಇತಿಹಾಸಜ್ಞರು ತಲೆಮಾರುಗಳ ಕಾಲ ಲೇಖನಗಳನ್ನು ಬರೆದಿದ್ದಾರೆ. ಮೆಫಿಸ್ಟೊಫೆಲಿಸ್ ಎಂಬ ಹೆಸರು ಪಡೆದ ಆ ಫಿಯಟ್ ಬಂಡಿಯ ಎಂಜಿನು ೧೯೨೨ರಲ್ಲಿ ಇದೇ ಪಥದ ಮೇಲೆ ಸಿಡಿದುಹೋಯಿತು. ಎಲ್‌ಡ್ರಿಜ್ ಎಂಬವನು ಅದನ್ನು ಕೊಂಡು, ಚೌಕಟ್ಟನ್ನು ಉದ್ದಮಾಡಿ, ವಿಮಾನದ ಎಂಜಿನನ್ನು ಇಟ್ಟು, ೧೯೨೪ರಲ್ಲಿ ಫ್ರಾನ್ಸಿನ ರಸ್ತೆಯೊಂದರಲ್ಲಿ ಗಂಟೆಗೆ ೧೪೬ ಮೈಲಿ ಓಡಿಸಿ ಲೋಕದ ದಾಖಲೆಯನ್ನು ಸ್ಥಾಪಿಸಿದನು. ಆ ಬಂಡಿ ಈಗ ತನ್ನ ತವರಾದ ಟೂರಿನ್ ನಗರದಲ್ಲಿದೆ.

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ವಿಮಾನಗಳ ಎಂಜಿನುಗಳು ಅಗ್ಗವಾಗಿ ದೊರೆಯತೊಡಗಿದುವು. ಲೂಯಿ ಜ್ಬೊರೊವ್‌ಸ್ಕಿ ಎಂಬ ಯುವ ಶ್ರೀಮಂತನು ಮರ್ಸಿಡೀಸ್ ಚೌಕಟ್ಟಿನ ಮೇಲೆ ಇಪ್ಪತ್ತಮೂರು ಲೀಟರಿನ ಮೇಬಾಕ್ ಎಂಜಿನನ್ನು ಕೂರಿಸಿ, ೧೯೨೧ರಲ್ಲಿ ಬ್ರೂಕ್‌ಲ್ಯಾಂಡ್ಸಿಗೆ ತಂದನು. ಚಿಟ್ಟಿ ಬ್ಯಾಂಗ್ ಬ್ಯಾಂಗ್ ಎಂದು ಅದಕ್ಕೆ ಹೆಸರಾಯಿತು. ಮುಂದೆ ಇಯನ್ ಫ್ಲೆಮಿಂಗ್ ಬರೆದ ಮಕ್ಕಳ ಕಥೆಯ ಮೂಲಕ ಆ ಹೆಸರು, ಬಂಡಿಯನ್ನು ಕಾಣದ ದೇಶಗಳಿಗೂ ಹೋಯಿತು. ಜ್ಬೊರೊವ್‌ಸ್ಕಿಯು ೧೯೨೪ರಲ್ಲಿ ಇಟಲಿಯ ಮೊಂಜಾ ಪಥದಲ್ಲಿ ಮಡಿದನು. ಅವನು ಕಟ್ಟಿಸಿದ್ದ ಮತ್ತೊಂದು ಬಂಡಿಯನ್ನು ಪ್ಯಾರಿ ಥಾಮಸ್ ಎಂಬ ವೇಲ್ಸ್ ದೇಶದ ಎಂಜಿನಿಯರು ೧೨೫ ಪೌನುಗಳಿಗೆ ಕೊಂಡನು. ಥಾಮಸನು ಬ್ರೂಕ್‌ಲ್ಯಾಂಡ್ಸಿನ ಪಥದ ಒಳಗಡೆಯೇ ಒಂದು ಸಣ್ಣ ಮನೆಯಲ್ಲಿ ವಾಸವಾಗಿದ್ದವನು. ಬಂಡಿಯನ್ನು ತಿದ್ದಿ ಬ್ಯಾಬ್ಸ್ ಎಂದು ಹೆಸರಿಟ್ಟು, ೧೯೨೬ರಲ್ಲಿ ವೇಲ್ಸಿನ ಪೆಂಡೈನ್ ಕಡಲತಡಿಯ ಮರಳಿನ ಮೇಲೆ ಗಂಟೆಗೆ ೧೭೧ ಮೈಲಿ ಓಡಿಸಿದನು. ಮರುವರ್ಷ ಮಾಲ್ಕಮ್ ಕ್ಯಾಂಬೆಲ್ ಆ ದಾಖಲೆಯನ್ನು ಮುರಿದನು. ಅದನ್ನು ಮರಳಿ ಪಡೆಯಲು ಹೋಗಿ ೧೯೨೭ನೆಯ ಮಾರ್ಚ್ ೩ರಂದು ಥಾಮಸನು ಅಲ್ಲಿಯೇ ಪ್ರಾಣಬಿಟ್ಟನು. ಗೆಳೆಯರು ಬಂಡಿಯನ್ನು ಮನೆಗೆ ತರಲೊಲ್ಲದೆ ಮರಳಿನಲ್ಲಿ ಗುಂಡಿ ತೋಡಿ ಹೂತುಬಿಟ್ಟರು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ನಲವತ್ತೆರಡು ವರ್ಷಗಳ ಮೇಲೆ, ೧೯೬೯ರಲ್ಲಿ, ಓವೆನ್ ವಿನ್ ಓವೆನ್ ಎಂಬ ಅಭಿಮಾನಿಯು ಆ ಸ್ಥಳದ ಒಡೆತನವಿದ್ದ ಸೇನಾಧಿಕಾರಿಗಳ ಅಪ್ಪಣೆಯನ್ನೂ ಥಾಮಸನ ಬಂಧುವಿನ ಒಪ್ಪಿಗೆಯನ್ನೂ ಪಡೆದು, ಮರಳನ್ನು ಅಗೆಸಿ, ಉಪ್ಪುನೀರಿನಲ್ಲಿ ತುಕ್ಕುಹಿಡಿದಿದ್ದ ಬ್ಯಾಬ್ಸನ್ನು ಮೇಲೆತ್ತಿಸಿದನು. ಹೂತವರ ಭಾವನೆಯನ್ನು ಕದಡುವುದು ತರವಲ್ಲವೆಂದವರೂ ಇದ್ದರು. ಓವೆನ್ನನು ಹಲವು ವರ್ಷ ದುಡಿದು ಅದನ್ನು ಓಡುವಂತೆ ಮಾಡಿದನು. ತುಕ್ಕಾಗಿ ಕರಗಿಹೋದ ಭಾಗಗಳನ್ನು ಹೊಸದಾಗಿ ಮಾಡಬೇಕಾಯಿತು. ಹಾಗಾದರೆ ಅದು ಥಾಮಸನ ಬಂಡಿಯೆ, ಓವೆನ್ನನ ಬಂಡಿಯೆ? ನಮ್ಮ ದೇಶದಲ್ಲಿ ದೇಗುಲವೊಂದು ಜೀರ್ಣೋದ್ಧಾರವಾದಾಗ ಶಿಖರವೂ ಗೋಡೆಯೂ ಹೊಸದಾದರೂ ದೇವರು ಹಳಬನೆಂದು ಭಕ್ತರು ನಂಬುವರು. ಹಳೆಯ ಬಂಡಿಗಳ ಭಕ್ತರ ನಂಬಿಕೆಯೂ ಅದಕ್ಕೆ ದೂರವಾದುದಲ್ಲ.

೫

ಮುಪ್ಪಿನ ಕಾಲದಲ್ಲಿ ಬ್ರೂಕ್‌ಲ್ಯಾಂಡ್ಸನ್ನು ನೆನೆದವರು ಮೊದಲು ಹೇಳುತ್ತಿದ್ದುದು ಅಲ್ಲಿಯ ವಾಸನೆಯನ್ನು. ಪಂದ್ಯದ ಎಂಜಿನುಗಳಿಗೆ ಹರಳೆಣ್ಣೆಯನ್ನು ಹಾಕುತ್ತಿದ್ದರು. ಮಹಾತಾಪದಲ್ಲಿಯೂ ಅದು ತನ್ನ ಜಿಡ್ಡನ್ನು ಬಿಡದಿರುವುದೇ ಇದಕ್ಕೆ ಕಾರಣ. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಎಣ್ಣೆಯ ಹೆಸರು ಬಂದುದು ಹರಳಿನ ಇಂಗ್ಲಿಷ್ ಹೆಸರಿನಿಂದಲೇ. ಭಾರತದ ಹೊಲಗಳಿಂದ ಹರಳುಬೀಜವು ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲವದು. ಕನ್ನಡನಾಡಿನ ಮನೆಗಳಲ್ಲಿ ಮಕ್ಕಳ ನೆತ್ತಿಗೆ ಒತ್ತುವ ಎಣ್ಣೆಯು ಉರಿದಾಗ ಏಳುವ ಹೊಗೆಯು ಆ ಜನರಿಗೆ ಯೌವನದ ಸುಗಂಧವಾಗಿತ್ತು.

ಹೀಗೆ ಸಿಹಿಯಾದ ನೆನಪು ತನಗೆ ಬೇಡದುದನ್ನು ಬಿಟ್ಟುಬಿಡುವುದುಂಟು. ಆದುದರಿಂದ ಪಥದ ಇನ್ನೊಂದು ಮುಖವನ್ನೂ ಕಾಣಿಸಬೇಕಾಗಿದೆ.

ಮೊದಲನೆಯದಾಗಿ ಸಾವುಗಳು. ೧೯೦೭ರ ಸೆಪ್ಟೆಂಬರಿನಲ್ಲಿಯೇ, ಅಂದರೆ ಪಥವು ತೆರೆದ ಮೂರನೆಯ ತಿಂಗಳಲ್ಲಿ, ವಿನ್ಸೆಂಟ್ ಹರ್ಮನ್ ಎಂಬ ಚಾಲಕನು ಅಲ್ಲಿ ಮಡಿದನು. ಪರ್ಸಿ ಲ್ಯಾಂಬರ್ಟನು ೧೯೧೩ನೆಯ ಫೆಬ್ರವರಿ ೧೫ರಂದು ಟಾಲ್ಬಟ್ ಬಂಡಿಯಲ್ಲಿ ಒಂದು ಗಂಟೆಯೊಳಗೆ ೧೦೩ ಮೈಲಿ ೧,೪೭೦ ಗಜ ಓಡಿ, ಒಂದು ಗಂಟೆಯ ಅವಧಿಯಲ್ಲಿ ನೂರು ಮೈಲಿಗಿಂತ ಹೆಚ್ಚು ದೂರ ಓಡಿದವರಲ್ಲಿ ಮೊದಲಿಗನಾದನು. ಅದೇ ವರ್ಷದ ಅಕ್ಟೋಬರ್ ೩೧ರಂದು ಅದೇ ಪಥದಲ್ಲಿ ಟೈರು ಸಿಡಿದು ಸತ್ತನು. ಅವನಿಗೆ ವಿವಾಹವು ನಿಶ್ಚಯವಾಗಿತ್ತೆಂದು ಹೇಳುವರು. ೧೯೩೨ರ ಐನೂರು ಮೈಲಿ ಪಂದ್ಯದಲ್ಲಿ ಕ್ಲೈವ್ ಡನ್ಫಿಯ ಬೆಂಟ್ಲಿ ಬಂಡಿಯು ಸದಸ್ಯರ ಏರಿಯ ಅಂಚನ್ನು ದಾಟಿ ಆಚೆಯ ಮರಗಳಲ್ಲಿ ಬಿದ್ದಿತು, ಅವನೂ ಬದುಕಲಿಲ್ಲ. ಅಂಚಿನಲ್ಲಿ ಬಂಡಿಯನ್ನು ತಡೆಯಬಲ್ಲ ಗೋಡೆಯಿರಲಿಲ್ಲ. ಚಾಲಕನ ತಲೆಗೆ ಬಟ್ಟೆಯ ಟೋಪಿಯೇ ರಕ್ಷೆ. ಅಂದಿನ ಧೈರ್ಯವನ್ನು ಕೊಂಡಾಡುವವರು, ತಪ್ಪಿಸಬಹುದಾಗಿದ್ದ ಎಷ್ಟೋ ಸಾವುಗಳು ಆ ಧೈರ್ಯದ ಲೆಕ್ಕಕ್ಕೇ ಸೇರಿವೆಯೆಂಬುದನ್ನು ಮರೆಯಲಾಗದು.

ಎರಡನೆಯದಾಗಿ ನೆರೆಹೊರೆಯವರ ಕಷ್ಟ. ಶಾಂತವಾದ ಹಳ್ಳಿಗಾಡಿನಲ್ಲಿ ಮನೆ ಮಾಡಿದ್ದವರಿಗೆ ಎಂಜಿನುಗಳ ಆರ್ಭಟವು ಸಹಿಸಲಾರದಾಯಿತು. ಪಥವು ತೆರೆದ ಕೆಲವೇ ತಿಂಗಳಲ್ಲಿ ನ್ಯಾಯಸ್ಥಾನಕ್ಕೆ ವ್ಯಾಜ್ಯ ಹೋಯಿತು. ಆ ಬಳಿಕ ರಾತ್ರಿಯ ಓಟವು ನಿಂತಿತು. ಇದರ ಫಲವಾಗಿ ಮುಂದೆ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ನಡೆಸಬೇಕಾದಾಗ ಎರಡು ಹಗಲುಗಳಿಗೆ ಹನ್ನೆರಡು ಗಂಟೆಗಳಂತೆ ಹಂಚಿ, ನಡುವಣ ರಾತ್ರಿ ಬಂಡಿಗಳನ್ನು ಬೀಗಹಾಕಿ ಇಡುತ್ತಿದ್ದರು. ೧೯೨೪ರ ವೇಳೆಗೆ ಪ್ರತಿಯೊಂದು ಬಂಡಿಯೂ ಗೊತ್ತಾದ ಅಳತೆಯ ಸದ್ದಡಗಿಸುವ ಕೊಳವೆಯನ್ನು ಧರಿಸಲೇಬೇಕಾಯಿತು. ಅಭಿಮಾನಿಗಳು ಇಂದು ಯಾವ ಸದ್ದಿಗಾಗಿ ಹಂಬಲಿಸುವರೋ ಅದೇ ಸದ್ದು ಅಂದು ಹಲವರ ನಿದ್ದೆಗೆ ಶತ್ರುವಾಗಿತ್ತು.

ಮೂರನೆಯದಾಗಿ ಅಂತಸ್ತಿನ ಮಾತು. ಬ್ರೂಕ್‌ಲ್ಯಾಂಡ್ಸ್ ಸಾಮಾನ್ಯ ಜನರ ಜಾತ್ರೆಯಾಗಿರಲಿಲ್ಲ. ತಕ್ಕ ಜನರು ಮಾತ್ರ ಬರುವರು, ನೂಕುನುಗ್ಗಲಿರುವುದಿಲ್ಲ ಎಂಬುದೇ ಅಲ್ಲಿಯ ಹೆಗ್ಗಳಿಕೆಯಾಗಿತ್ತು. ಬಂಡಿಯನ್ನು ಕೊಳ್ಳಬಲ್ಲವನು ಓಡಿಸುತ್ತಿದ್ದನು; ಅದನ್ನು ಹಗಲಿರುಳು ರಿಪೇರಿಮಾಡುತ್ತಿದ್ದ ಕೆಲಸಗಾರನ ಹೆಸರು ಪತ್ರಿಕೆಗಳಲ್ಲಿ ಅಪೂರ್ವವಾಗಿ ಬರುತ್ತಿತ್ತು. ಪಥವನ್ನು ಕಟ್ಟಿದ ಕೂಲಿಗಳ ಹೆಸರಂತೂ ಸ್ಮರಣೆಯಲ್ಲಿಯೇ ಉಳಿದಿಲ್ಲ.

ಇಷ್ಟು ಹೇಳಿದ ಮೇಲೂ ಪಥದ ಯೋಗ್ಯತೆ ಕುಗ್ಗುವುದಿಲ್ಲ. ಟೈರು, ಬ್ರೇಕು, ಎಣ್ಣೆ ಮೊದಲಾದವುಗಳನ್ನು ಪರೀಕ್ಷಿಸಿದ ಪ್ರಯೋಗಶಾಲೆಯೂ ಅದೇ ಆಗಿತ್ತು. ೧೯೦೯ರಲ್ಲಿ ಬಂಡಿಗಳ ಏರುಶಕ್ತಿಯನ್ನೂ ಬ್ರೇಕನ್ನೂ ಪರೀಕ್ಷಿಸಲು ಒಂದು ಕಡಿದಾದ ದಿಬ್ಬವನ್ನು ಕಟ್ಟಿದರು. ಅದರ ತುದಿಭಾಗವು ನಾಲ್ಕಡಿಗೆ ಒಂದಡಿಯಂತೆ ಏರುತ್ತದೆ. ಇಂಗ್ಲೆಂಡಿನ ಮೊದಲ ಗ್ರ್ಯಾಂಡ್ ಪ್ರಿ ಪಂದ್ಯವು ೧೯೨೬ನೆಯ ಆಗಸ್ಟಿನಲ್ಲಿ ನಡೆದುದೂ ಇಲ್ಲಿಯೇ. ಗೆದ್ದ ಡಿಲಾಜ್ ಬಂಡಿಯ ಹೊಗೆಗೊಳವೆಯು ಕಾದು ಚಾಲಕನ ಪಾದಗಳು ಬೇಯುತ್ತಿದ್ದುದರಿಂದ ಸೆನೆಶಾಲ್, ವ್ಯಾಗ್ನರ್ ಎಂಬಿಬ್ಬರು ಸರದಿಯಂತೆ ಓಡಿಸಿ, ಇಳಿದೊಡನೆ ಕಾಲನ್ನು ತಣ್ಣೀರಿನಲ್ಲಿ ಅದ್ದಿಕೊಳ್ಳಬೇಕಾಯಿತು.

೬

ಪಥದ ಪರಮಾವಧಿಯನ್ನು ಮುಟ್ಟಿದವನು ಜಾನ್ ಕಾಬ್. ತುಪ್ಪುಳುಚರ್ಮದ ವ್ಯಾಪಾರಿಯಾಗಿದ್ದ ಈ ಮಿತಭಾಷಿಗಾಗಿ ರೀಡ್ ರೇಲ್ಟನ್ ಎಂಬ ಎಂಜಿನಿಯರು ನಕ್ಷೆ ಬರೆದ ನೇಪಿಯರ್-ರೇಲ್ಟನ್ ಬಂಡಿಯನ್ನು ೧೯೩೩ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಕಾರ್ಖಾನೆಯಲ್ಲಿಯೇ ಕಟ್ಟಿದರು. ವಿಮಾನಕ್ಕೆಂದು ಮಾಡಿದ ಹನ್ನೆರಡು ಸಿಲಿಂಡರಿನ, ಸುಮಾರು ೨೪ ಲೀಟರಿನ ಎಂಜಿನು ಅದರಲ್ಲಿತ್ತು. ಬ್ರೇಕುಗಳಿದ್ದುದು ಹಿಂದಿನ ಚಕ್ರಗಳಿಗೆ ಮಾತ್ರ. ೧೯೩೫ನೆಯ ಅಕ್ಟೋಬರ್ ೭ರಂದು ಕಾಬನು ಹೊರಸುತ್ತನ್ನು ಗಂಟೆಗೆ ೧೪೩.೪೪ ಮೈಲಿ ವೇಗದಲ್ಲಿ ಓಡಿದನು. ನೂರಿಪ್ಪತ್ತು ಮೈಲಿಯ ಲೆಕ್ಕದ ಮೇಲೆ ಕಟ್ಟಿದ, ಇಪ್ಪತ್ತೆಂಟು ವರ್ಷ ಸವೆದು ಉಬ್ಬುತಗ್ಗಾಗಿದ್ದ ಪಥದ ಮೇಲೆ ಇದು ಸಾಧಾರಣವಾದ ಸಾಹಸವಲ್ಲ.

೧೯೩೯ನೆಯ ಆಗಸ್ಟ್ ೭ರಂದು ನಡೆದ ಕೂಟವೇ ಕಡೆಯದಾಯಿತು. ಅಂದು ಬಂದವರಾರೂ ಅದು ಕಡೆಯದೆಂದು ಅರಿತಿರಲಿಲ್ಲ. ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ಪಥದ ನಡುವಣ ಬಯಲಿನಲ್ಲಿ ಮೊದಲಿಂದಲೂ ವಿಮಾನಗಳ ಕೆಲಸ ನಡೆಯುತ್ತಿತ್ತು. ೧೯೦೭-೦೮ರಷ್ಟು ಹಿಂದೆಯೇ ಎ. ವಿ. ರೋ ಎಂಬವನು ಅಲ್ಲಿ ತನ್ನ ಮೊದಲ ಪ್ರಯೋಗಗಳನ್ನು ಮಾಡಿದ್ದನು. ಈಗ ಇಡೀ ಸ್ಥಳವೇ ವಿಮಾನಗಳ ಪಾಲಾಯಿತು. ವಿಕರ್ಸ್ ಕಂಪೆನಿಯವರು ವೆಲಿಂಗ್ಟನ್ ಬಾಂಬರುಗಳನ್ನೂ ಹಾಕರ್ ಕಂಪೆನಿಯವರು ಹರಿಕೇನ್ ವಿಮಾನಗಳನ್ನೂ ತಯಾರಿಸಿದರು. ಬರ್ಮಾ ರಣರಂಗದಲ್ಲಿ ಭಾರತೀಯ ವಾಯುದಳದವರು ಹಾರಿಸಿದುದು ಈ ಹರಿಕೇನ್ ಜಾತಿಯ ವಿಮಾನವನ್ನೇ. ೧೯೪೦ನೆಯ ಸೆಪ್ಟೆಂಬರ್ ೪ರಂದು ಜರ್ಮನರು ವಿಕರ್ಸ್ ಕಾರ್ಖಾನೆಯ ಮೇಲೆ ಬಾಂಬು ಹಾಕಿದರು. ಕೆಲಸದಲ್ಲಿದ್ದ ಎಷ್ಟೋ ಜನರು ಮಡಿದರು. ಆಕಾಶದಿಂದ ಗುರುತು ಸಿಕ್ಕದಿರಲೆಂದು ಪಥದ ಮೇಲೆ ಮರಗಳನ್ನು ನೆಟ್ಟರು. ವಿಮಾನಗಳ ಓಡಾಟಕ್ಕಾಗಿ ಬೈಫ್ಲೀಟ್ ಏರಿಯನ್ನು ಕಡಿದು ದಾರಿಮಾಡಿದರು.

ಯುದ್ಧ ಮುಗಿದಾಗ ಪಂದ್ಯಗಳು ಮರಳಿ ಬರುವುವೆಂದು ಕಾದಿದ್ದವರಿಗೆ ೧೯೪೬ನೆಯ ಜನವರಿಯಲ್ಲಿ ಬೇರೆಯೇ ಸುದ್ದಿ ಬಂತು: ಸ್ಥಳವನ್ನೆಲ್ಲ ೩,೩೦,೦೦೦ ಪೌನುಗಳಿಗೆ ವಿಕರ್ಸ್ ಕಂಪೆನಿಗೆ ಮಾರಿಬಿಟ್ಟಿದ್ದರು. ಲಾಕ್ ಕಿಂಗ್ ತೀರಿಹೋಗಿ ಇಪ್ಪತ್ತು ವರ್ಷಗಳಾಗಿದ್ದುವು. ಎಥೆಲ್ ಮಾತ್ರ ೧೯೫೬ರವರೆಗೆ ಬದುಕಿದ್ದು ಇದೆಲ್ಲವನ್ನೂ ಕಂಡಳು. ಕಾಬನು ೧೯೫೨ರಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ವೇಗದೋಣಿಯ ದಾಖಲೆಯನ್ನು ಮುರಿಯಲು ಹೋಗಿ ಪ್ರಾಣ ಕಳೆದುಕೊಂಡನು. ಅವನ ದೈತ್ಯ ಬಂಡಿಯು ಕೆಲಕಾಲ ವಿಮಾನಗಳ ವೇಗತಡೆಯುವ ಪ್ಯಾರಾಚೂಟುಗಳ ಪರೀಕ್ಷೆಗೆ ಬಳಕೆಯಾಯಿತು.

೭

ಸ್ಥಳವು ಕೈತಪ್ಪಿದ ಮೇಲೆ ಉಳಿದುದು ಮಾತು. ಆ ಮಾತನ್ನು ಬರೆಹಕ್ಕೆ ಇಳಿಸಿದವರಲ್ಲಿ ಅಗ್ರಗಣ್ಯನು ವಿಲಿಯಂ ಬಾಡಿ. ಹುಡುಗನಾಗಿದ್ದಾಗಿನಿಂದ ಪಂದ್ಯಗಳನ್ನು ನೋಡುತ್ತ ಬೆಳೆದ ಈತನು ಮೋಟಾರ್ ಸ್ಪೋರ್ಟ್ ಎಂಬ ಪತ್ರಿಕೆಯನ್ನು ೧೯೩೬ರಿಂದ ಐವತ್ತಕ್ಕೂ ಹೆಚ್ಚು ವರ್ಷ ಸಂಪಾದಿಸಿದನು. ಪಥದ ಚರಿತ್ರೆಯನ್ನು ಪಂದ್ಯಪಂದ್ಯವಾಗಿ ವಿಸ್ತಾರವಾಗಿ ಬರೆದನು. ೨೦೧೧ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಹೋಗುವವರೆಗೂ ಅವನ ಬರವಣಿಗೆ ನಿಲ್ಲಲಿಲ್ಲ. ನೆನಪು ತಪ್ಪಿದವರನ್ನು ಅವನು ತಿದ್ದುತ್ತಿದ್ದನು; ಅವನ ತಪ್ಪನ್ನು ಓದುಗರು ತಿದ್ದುತ್ತಿದ್ದರು. ಹಳೆಯ ಕಾರ್ಯಕ್ರಮಪತ್ರ, ಗುಜರಿಯಲ್ಲಿ ದೊರೆತ ಎಂಜಿನಿನ ಅಂಕಿ, ತೀರಿಹೋದ ಕೆಲಸಗಾರನ ದಿನಚರಿ ಇವುಗಳನ್ನು ಮುಂದಿಟ್ಟುಕೊಂಡು ನಡೆದ ಈ ಪರಸ್ಪರ ತಿದ್ದುಪಡಿಯಿಂದ ಹರಟೆಯಾಗಿದ್ದುದು ಇತಿಹಾಸವಾಯಿತು.

೧೯೬೭ರಲ್ಲಿ ಬ್ರೂಕ್‌ಲ್ಯಾಂಡ್ಸ್ ಸೊಸೈಟಿಯು ಸ್ಥಾಪಿತವಾಯಿತು. ಉಳಿದ ಏರಿಗಳ ಮೇಲೆ ಬೆಳೆದಿದ್ದ ಗಿಡಗಂಟಿಗಳನ್ನು ಸದಸ್ಯರು ತಾವೇ ಕಡಿದು ಚೊಕ್ಕಟಮಾಡಿದರು. ವರ್ಷವರ್ಷವೂ ಮುದುಕರಾದ ಚಾಲಕರೂ ಕೆಲಸಗಾರರೂ ಕೂಡಿ ಹಳೆಯದನ್ನು ಮೆಲುಕುಹಾಕಿದರು. ವಿಮಾನದ ಕಾರ್ಖಾನೆಯೂ ೧೯೮೦ರ ದಶಕದ ಕೊನೆಯಲ್ಲಿ ಮುಚ್ಚಿತು. ೧೯೯೧ರಲ್ಲಿ ಅಲ್ಲಿ ಬ್ರೂಕ್‌ಲ್ಯಾಂಡ್ಸ್ ಸಂಗ್ರಹಾಲಯವು ತೆರೆಯಿತು. ಕ್ಲಬ್ಬಿನ ಕಟ್ಟಡ, ಪರೀಕ್ಷೆಯ ದಿಬ್ಬ, ಸದಸ್ಯರ ಏರಿಯ ಒಂದು ಭಾಗ ಇವು ಕಾಯಿದೆಯ ರಕ್ಷಣೆಯಲ್ಲಿ ನಿಂತಿವೆ. ೧೯೯೭ರಲ್ಲಿ ನೇಪಿಯರ್-ರೇಲ್ಟನ್ ಬಂಡಿಯು ತಾನು ಹುಟ್ಟಿದ ಸ್ಥಳಕ್ಕೇ ಮರಳಿ ಬಂತು. ೨೦೧೭ರಲ್ಲಿ, ಯುದ್ಧಕಾಲದ ವಿಮಾನಶಾಲೆಯೊಂದನ್ನು ಪಕ್ಕಕ್ಕೆ ಸರಿಸಿ, ಅದರಡಿಯಲ್ಲಿ ಮುಚ್ಚಿಹೋಗಿದ್ದ ಗುರಿರೇಖೆಯ ನೇರದಾರಿಯನ್ನು ಮತ್ತೆ ಬೆಳಕಿಗೆ ತಂದರು. ಬಯಲಿನ ಬಹುಭಾಗದಲ್ಲಿ ಈಗ ಅಂಗಡಿಗಳೂ ಕಚೇರಿಗಳೂ ಇವೆ. ೨೦೦೬ರಿಂದ ಮರ್ಸಿಡೀಸ್ ಕಂಪೆನಿಯ ದೊಡ್ಡ ಪ್ರದರ್ಶನಶಾಲೆಯೂ ಇದೆ. ಇಂಗ್ಲಿಷ್ ಬಂಡಿಗಳ ಮಾನಕ್ಕಾಗಿ ಕಟ್ಟಿದ ಪಥದ ಒಡಲಲ್ಲಿ ಜರ್ಮನಿಯ ಬಂಡಿಗಳು ಮಾರಾಟಕ್ಕೆ ನಿಂತಿರುವುದನ್ನು ಲಾಕ್ ಕಿಂಗ್ ಕಂಡಿದ್ದರೆ ಏನೆನ್ನುತ್ತಿದ್ದನೋ!

ಪಥವನ್ನು ಪೂರ್ಣವಾಗಿ ಉಳಿಸಿಕೊಳ್ಳುವ ಶಕ್ತಿ ಅಭಿಮಾನಿಗಳಿಗಿರಲಿಲ್ಲ. ಅವರ ನೆನಪು ಪಕ್ಷಪಾತದಿಂದಲೂ ಮುಕ್ತವಾಗಿರಲಿಲ್ಲ. ಆದರೂ ಅವರು ಬಾಯಿಮುಚ್ಚಿ ಕುಳಿತಿದ್ದರೆ ಏರಿಯ ಕಡೆಯ ತುಂಡೂ ಜಲ್ಲಿಯಾಗಿ ಯಾವುದೋ ರಸ್ತೆಯ ತಳ ಸೇರುತ್ತಿತ್ತು. ಲ್ಯಾಂಬರ್ಟನ ನೂರು ಮೈಲಿಯೂ ಎಥೆಲಳ ಧೈರ್ಯವೂ ಹಳೆಯ ಪತ್ರಿಕೆಗಳ ಪುಟಗಳಲ್ಲಿ ಉಳಿದು ಹುಳುಗಳ ಪಾಲಾಗುತ್ತಿದ್ದುವು. ಒಂದು ಸ್ಥಳವನ್ನು ಪ್ರೀತಿಸುವವರು ಅದರ ವಿಷಯವನ್ನು ಎಡೆಬಿಡದೆ ಮಾತಾಡುವುದೂ ಒಂದು ಬಗೆಯ ಕಾವಲೇ ಸರಿ.

ಕಾಬನ ೧೪೩.೪೪ ಮೈಲಿಯ ದಾಖಲೆಯು ಮುರಿಯದೆ ನಿಂತಿದೆ. ಮುರಿಯಬಲ್ಲ ಬಂಡಿಗಳು ಇಂದು ಬೇಕಾದಷ್ಟಿವೆ. ಓಡಿ ಮುಗಿಸಲು ಸುತ್ತೇ ಇಲ್ಲ.